ಫ್ಯಾನು, ಮೋಡ, ಇಂಗಾಲ: ಹವಾಮಾನ ಬದಲಾವಣೆಯ ಬಗ್ಗೆ ನಮ್ಮಲ್ಲಿ ಓಡಾಡುವ ಮಾತುಗಳಲ್ಲಿ ನಿಜವೆಷ್ಟು?

ಗದಗ ಸೀಮೆಯವ:

ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತು ಬಹಳ ವರ್ಷಗಳಾದವು. ನಮ್ಮ ಕಡೆ ಎಲ್ಲರೂ ಅವನ್ನು ಫ್ಯಾನು ಎಂದೇ ಕರೆಯುತ್ತಾರೆ. ಮಳೆ ಕೈಕೊಟ್ಟ ವರ್ಷ ಊರ ಕಟ್ಟೆಯ ಮೇಲೆ ಕೇಳಿಬರುವ ತೀರ್ಪು ಒಂದೇ: “ಫ್ಯಾನ್ ಬಂದ್ವು, ಮಳಿ ಹೋತು.” 2023ರ ಬರಗಾಲದಲ್ಲಿ ಈ ಮಾತು ಎಷ್ಟು ಬಲವಾಗಿ ಹಬ್ಬಿತೆಂದರೆ, ಯಂತ್ರ ನಿಲ್ಲಿಸಲು ಹೊಲ ಕೊಟ್ಟವರನ್ನು ನೆರೆಹೊರೆಯವರು ತಪ್ಪಿತಸ್ಥರಂತೆ ನೋಡತೊಡಗಿದರು. ಮರುವರ್ಷ ಮಳೆ ಬಂದಾಗಲೂ ಫ್ಯಾನುಗಳು ಅಲ್ಲಿಯೇ ತಿರುಗುತ್ತಿದ್ದವು. ಆದರೆ ಅದೇ ಕಟ್ಟೆಯಲ್ಲಿ ಮಾತಿನ ದಿಕ್ಕು ಬದಲಾಗಿ, “ಹವಾಮಾನ ಬದಲಾಗೇತಿ ಅಂತಾರಲ್ಲ, ಅದೆಲ್ಲಾ ಸುಳ್ಳು, ಮಳಿ ಬಂತಲ್ಲ” ಎಂದಾಯಿತು.

ಇದರ ಜೊತೆಗೆ ಮೊಬೈಲಿನಲ್ಲಿ ಬರುವ ಸಂದೇಶಗಳು ಬೇರೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ಶೇಕಡಾ 0.04ರಷ್ಟು, ಅಷ್ಟು ಚೂರು ಅನಿಲ ಭೂಮಿಯನ್ನು ಕಾಯಿಸುವುದು ಹೇಗೆ ಎಂದು ಒಂದು ಸಂದೇಶ ಕೇಳಿದರೆ, ಅದೇ ಅನಿಲ ಬೆಳೆಗೆ ಆಹಾರವಾಗಿರುವುದರಿಂದ ಹೆಚ್ಚಿದಷ್ಟೂ ರೈತನಿಗೆ ಲಾಭ ಎಂದು ಇನ್ನೊಂದು ಹೇಳುತ್ತದೆ. ಇವನ್ನು ಹಂಚುವವರು ದಡ್ಡರೆಂದು ನಾನು ಭಾವಿಸುವುದಿಲ್ಲ. ಪ್ರತಿಯೊಂದರಲ್ಲಿಯೂ ಎಲ್ಲೋ ಒಂದೆಳೆ ನಿಜ ಇರುವ ಹಾಗೆ ತೋರುತ್ತದೆ, ಅದಕ್ಕೇ ಅವು ನಿಲ್ಲುತ್ತವೆ. ಬಲ್ಲವರು ಎಲ್ಲಿಯವರೆಗೆ ನಿಜ, ಎಲ್ಲಿಂದ ತಪ್ಪು ಎಂಬುದನ್ನು ಬಿಡಿಸಿ ಹೇಳಿದರೆ ಕಟ್ಟೆಯ ಮೇಲೆ ಮಾತಾಡಲು ನನಗೆ ಅನುಕೂಲವಾಗುತ್ತದೆ.

ನಿವೃತ್ತ ಉಪನ್ಯಾಸಕ, ಮೈಸೂರು:

ಮೊದಲು ಫ್ಯಾನಿನ ವಿಷಯ. ಗಾಳಿಯಂತ್ರದ ಕಂಬ ಸಾಮಾನ್ಯವಾಗಿ 80ರಿಂದ 120 ಮೀಟರ್ ಎತ್ತರವಿರುತ್ತದೆ. ರೆಕ್ಕೆಯ ತುದಿ ಮೇಲೆ ಹೋದಾಗಲೂ 200 ಮೀಟರ್ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಮಳೆ ಸುರಿಸುವ ದೊಡ್ಡ ಮೋಡಗಳ ತಲೆ ಹಲವು ಕಿಲೋಮೀಟರ್ ಮೇಲಿರುತ್ತದೆ, ಅವಕ್ಕೆ ನೀರಾವಿ ಒದಗಿಸುವ ಮುಂಗಾರು ಮಾರುತದ ಪದರವೇ ಕಿಲೋಮೀಟರುಗಟ್ಟಲೆ ದಪ್ಪವಿರುತ್ತದೆ. ಅಷ್ಟು ದೊಡ್ಡ ಪ್ರವಾಹವನ್ನು ಗುಡ್ಡದ ಮೇಲಿನ ಕೆಲವು ಯಂತ್ರಗಳು ತಿರುಗಿಸಲಾರವು. ಗದಗಕ್ಕೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವುದಕ್ಕೂ ಆಗುಂಬೆಗೆ 7,000 ಮಿ.ಮೀ. ದಾಟುವುದಕ್ಕೂ ಕಾರಣ ಸಹ್ಯಾದ್ರಿ: ಅರಬ್ಬಿ ಸಮುದ್ರದಿಂದ ಬರುವ ಗಾಳಿ ಘಟ್ಟವನ್ನೇರುವಾಗ ತಂಪಾಗಿ ನೀರನ್ನು ಅಲ್ಲಿಯೇ ಇಳಿಸಿ, ಒಣಗಿದ ಗಾಳಿಯಾಗಿ ನಿಮ್ಮ ಕಡೆ ಬರುತ್ತದೆ. ಈ ಮಳೆನೆರಳಿನ ಪ್ರದೇಶದಲ್ಲಿ ಗಾಳಿ ಜೋರಾಗಿರುವುದರಿಂದ ಯಂತ್ರಗಳನ್ನು ಅಲ್ಲಿಗೆ ತಂದರು. ಮಳೆ ಕಡಿಮೆಯಿರುವ ಕಡೆ ಫ್ಯಾನು ಕಾಣುತ್ತದೆ ಎಂಬ ನಿಮ್ಮೂರವರ ಗಮನಿಕೆ ಸರಿಯಾಗಿಯೇ ಇದೆ. ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ.

ಇಲ್ಲಿ ಒಂದೆಳೆ ನಿಜವೂ ಇದೆ. ದೊಡ್ಡ ಗಾಳಿಯಂತ್ರ ಸಮೂಹಗಳಿರುವ ಕಡೆ ರಾತ್ರಿಯ ಹೊತ್ತು ರೆಕ್ಕೆಗಳು ಮೇಲಿನ ಬೆಚ್ಚನೆಯ ಗಾಳಿಯನ್ನು ನೆಲದ ತಂಪು ಗಾಳಿಯೊಂದಿಗೆ ಕಲಕುವುದರಿಂದ ಆ ಹೊಲಗಳ ಉಷ್ಣಾಂಶ ಸ್ವಲ್ಪ ಏರುತ್ತದೆ ಎಂದು ಉಪಗ್ರಹ ಅಧ್ಯಯನಗಳು ತೋರಿಸಿವೆ. ಆದರೆ ಅದು ಆ ಜಾಗಕ್ಕೆ ಸೀಮಿತವಾದ ಪರಿಣಾಮ, ಮೋಡದವರೆಗೆ ಹೋಗುವುದಿಲ್ಲ. 2023ರಲ್ಲಿ ಒಂದೂ ಫ್ಯಾನು ಇಲ್ಲದ ತಾಲ್ಲೂಕುಗಳೂ ಸೇರಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ, ಅಂದರೆ ಸಮುದ್ರದ ಮೇಲ್ಮೈ ನೀರು ವಾಡಿಕೆಗಿಂತ ಹೆಚ್ಚು ಕಾಯುವ ವಿದ್ಯಮಾನ, ಬಲಗೊಂಡಿದ್ದ ಆ ವರ್ಷದ ಆಗಸ್ಟ್, ದೇಶದ ಮಟ್ಟಿಗೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು.

ಇನ್ನು 0.04ರ ಲೆಕ್ಕ. ಒಣಗಾಳಿಯ ಶೇಕಡಾ 99.9ರಷ್ಟು ಭಾಗ ಸಾರಜನಕ, ಆಮ್ಲಜನಕ ಮತ್ತು ಆರ್ಗಾನ್. ನೆಲದಿಂದ ಮೇಲೇಳುವ ಅವಕೆಂಪು ಕಿರಣಗಳನ್ನು, ಅಂದರೆ ಶಾಖದ ಕಿರಣಗಳನ್ನು, ಈ ಮೂರೂ ಬಹುಮಟ್ಟಿಗೆ ತಡೆಯದೆ ಬಿಟ್ಟುಬಿಡುತ್ತವೆ. ತಡೆಯುವ ಕೆಲಸವನ್ನೆಲ್ಲ ಉಳಿದ ಚೂರೇ ಮಾಡಬೇಕು. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿನಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಹೆಚ್ಚು ಕಾದು ನಿಧಾನವಾಗಿ ಆರುವುದನ್ನು ಕಂಡರು. ಜಾನ್ ಟಿಂಡಾಲ್ 1859ರಿಂದ ಅದೇ ಗುಣವನ್ನು ಕರಾರುವಾಕ್ಕಾಗಿ ಅಳೆದರು, ಸ್ವಾಂಟೆ ಅರೇನಿಯಸ್ 1896ರಲ್ಲಿ ಈ ಅನಿಲ ಎರಡರಷ್ಟಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಯಲ್ಲೇ ಲೆಕ್ಕ ಹಾಕಿದರು. ಗಾಳಿಯಲ್ಲಿ ಶಾಖ ಹಿಡಿಯುವ ಅನಿಲಗಳೇ ಇರದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಈ ಅನಿಲ ಕೈಗಾರಿಕಾ ಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು ಇತ್ತು. ಈಗ 420 ದಾಟಿದೆ. ಚೂರು ಎನ್ನುವುದು ನಿಜ, ಆದರೆ ಅದು ಮೊದಲಿದ್ದದ್ದರ ಒಂದೂವರೆ ಪಟ್ಟಾಗಿರುವ ಚೂರು.

ಪ್ರಶ್ನೆ ಕೇಳುವವ, ಬೆಂಗಳೂರು:

ಸರ್, ನಾನು ವೃತ್ತಿಯಿಂದ ಎಂಜಿನಿಯರ್, ಆದ್ದರಿಂದ ಲೆಕ್ಕದ ಭಾಷೆಯಲ್ಲಿಯೇ ಕೇಳುತ್ತೇನೆ. ಅನಿಲಕ್ಕೆ ಶಾಖ ಹಿಡಿಯುವ ಗುಣವಿದೆ ಎಂಬುದನ್ನು ಒಪ್ಪಿದೆ. ಆದರೆ ಸಾಗರ, ಕಾಡು, ಮಣ್ಣು ಸೇರಿ ವರ್ಷಕ್ಕೆ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್ 700 ಶತಕೋಟಿ ಟನ್ನಿಗೂ ಹೆಚ್ಚು. ಮನುಷ್ಯರು ಬಿಡುವುದು ಸುಮಾರು 40 ಶತಕೋಟಿ ಟನ್. ಇಪ್ಪತ್ತರಲ್ಲಿ ಒಂದು ಪಾಲು ಹಾಕಿದವನನ್ನು ಹಿಡಿದು ಎಲ್ಲ ತಪ್ಪೂ ಇವನದೇ ಎನ್ನುವುದು ಯಾವ ನ್ಯಾಯ? ಎರಡನೆಯದಾಗಿ, ನೀರಾವಿಯೇ ಎಲ್ಲಕ್ಕಿಂತ ಹೆಚ್ಚು ಶಾಖ ಹಿಡಿಯುತ್ತದೆ ಎಂದು ನಿಮ್ಮ ಪಠ್ಯಪುಸ್ತಕಗಳೇ ಹೇಳುತ್ತವೆ. ಮೂರನೆಯದಾಗಿ, ಉಷ್ಣಮಾಪಕಗಳಿರುವುದು ಬಹುತೇಕ ನಗರಗಳಲ್ಲಿ. ಮನೆಯಲ್ಲಿ ಸೀಲಿಂಗ್ ಫ್ಯಾನೇ ಇಲ್ಲದೆ ಮಲಗುತ್ತಿದ್ದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39 ಡಿಗ್ರಿ ದಾಟಿದ್ದು ಕಾಂಕ್ರೀಟಿನಿಂದ ಅಲ್ಲ, ಭೂಮಿ ಕಾದದ್ದರಿಂದ ಎಂದು ಹೇಗೆ ಹೇಳುತ್ತೀರಿ?

ನಿವೃತ್ತ ಉಪನ್ಯಾಸಕ, ಮೈಸೂರು:

ಕೇಳಬೇಕಾದ ಪ್ರಶ್ನೆಗಳನ್ನೇ ಕೇಳಿದ್ದೀರಿ. ಮೊದಲನೆಯದಕ್ಕೆ ಒಂದು ಕೆರೆಯನ್ನು ನೆನೆಯಿರಿ. ಹಳ್ಳದಿಂದ ಎಷ್ಟು ನೀರು ಒಳಬರುತ್ತದೆಯೋ ಅಷ್ಟೇ ನೀರು ತೂಬಿನಿಂದ ಹೊರಹೋಗುತ್ತಿದ್ದರೆ ಮಟ್ಟ ಇದ್ದಲ್ಲೇ ಇರುತ್ತದೆ. ಯಾರೋ ಒಬ್ಬರು ಬೋರ್‌ವೆಲ್ಲಿನಿಂದ ಪೈಪು ಎಳೆದು ಹಗಲೂ ರಾತ್ರಿ ಸುರಿಯುತ್ತಾ ಹೋದರೆ, ಆ ಪೈಪಿನ ನೀರು ಹಳ್ಳದ ಇಪ್ಪತ್ತನೆಯ ಒಂದು ಪಾಲೇ ಆಗಿದ್ದರೂ ಮಟ್ಟ ಏರುವುದು ಅದರಿಂದಲೇ. ಸಾಗರ, ಕಾಡು, ಮಣ್ಣು 700 ಶತಕೋಟಿ ಬಿಡುತ್ತವೆ ಎಂದಿರಿ. ಅವು ಹೀರಿಕೊಳ್ಳುವ ಲೆಕ್ಕವನ್ನು ಬಿಟ್ಟಿರಿ. ಬಿಟ್ಟದ್ದನ್ನಷ್ಟೇ ಅಲ್ಲದೆ, ನಾವು ಹಾಕಿದ್ದರಲ್ಲಿಯೂ ಸುಮಾರು ಅರ್ಧವನ್ನು ಅವು ಹೀರಿಕೊಳ್ಳುತ್ತಿವೆ. ಉಳಿದ ಅರ್ಧ ಗಾಳಿಯಲ್ಲಿ ನಿಂತು ವರ್ಷಕ್ಕೆ ಹತ್ತು ಲಕ್ಷದಲ್ಲಿ 2ರಿಂದ 3 ಭಾಗದಷ್ಟು ಏರಿಕೆಯಾಗುತ್ತಿದೆ.

ಆ ಹೆಚ್ಚುವರಿ ಇಂಗಾಲ ನಮ್ಮದೇ ಎಂಬುದಕ್ಕೆ ಅದರ ಮೇಲೆಯೇ ಗುರುತಿದೆ. ಕಲ್ಲಿದ್ದಲು, ಪೆಟ್ರೋಲಿಯಂ ಕೋಟ್ಯಂತರ ವರ್ಷ ನೆಲದಡಿ ಹೂತಿದ್ದರಿಂದ ಅವುಗಳಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಸಮಸ್ಥಾನಿ (ಇಂಗಾಲದ್ದೇ ಭಾರವಾದ ಒಂದು ಬಗೆ) ಪೂರ್ತಿ ನಶಿಸಿಹೋಗಿರುತ್ತದೆ. ಅದರ ಅರ್ಧಾಯುಷ್ಯ ಸುಮಾರು 5,730 ವರ್ಷ ಅಷ್ಟೇ. ಅವುಗಳ ಮೂಲ ಹಳೆಯ ಸಸ್ಯ ಮತ್ತು ಪಾಚಿಗಳಾದ್ದರಿಂದ ಸಸ್ಯಗಳು ಕಡಿಮೆ ಹೀರುವ ಇನ್ನೊಂದು ಸಮಸ್ಥಾನಿ ಇಂಗಾಲ-13 ಕೂಡ ಅವುಗಳಲ್ಲಿ ಕಡಿಮೆ. ಗಾಳಿಯಲ್ಲಿ ಈ ಎರಡರ ಪ್ರಮಾಣವೂ ಕುಸಿಯುತ್ತಾ ಬಂದಿದೆ. ಜೊತೆಗೆ, ಉರಿಯುವಿಕೆಗೆ ತಕ್ಕಂತೆ ಆಮ್ಲಜನಕವೂ ಅತಿ ಸಣ್ಣ ಪ್ರಮಾಣದಲ್ಲಿ, ಆದರೆ ಅಳೆಯಬಲ್ಲಷ್ಟು, ಇಳಿಯುತ್ತಿದೆ. ಸಾಗರವು ಕಾದು ತನ್ನಷ್ಟಕ್ಕೆ ಅನಿಲ ಬಿಟ್ಟಿದ್ದರೆ ಸಮುದ್ರದ ನೀರಿನಲ್ಲಿ ಕರಗಿದ ಇಂಗಾಲ ಕಡಿಮೆಯಾಗಬೇಕಿತ್ತು, ಅದು ಹೆಚ್ಚುತ್ತಿದೆ.

ನೀರಾವಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ, ಶಾಖ ಹಿಡಿಯುವುದರಲ್ಲಿ ಅದರದೇ ದೊಡ್ಡ ಪಾಲು. ಆದರೆ ನೀರಾವಿ ಗಾಳಿಯಲ್ಲಿ ಉಳಿಯುವುದು ಸರಾಸರಿ ಹತ್ತು ದಿನದ ಆಸುಪಾಸು. ಹೆಚ್ಚಾದದ್ದು ಮಳೆಯಾಗಿ ಇಳಿದುಬಿಡುತ್ತದೆ. ಗಾಳಿ ಎಷ್ಟು ನೀರಾವಿ ಹಿಡಿದಿಡಬಲ್ಲದೆಂಬುದು ಅದರ ಉಷ್ಣಾಂಶದ ಮೇಲೆ ನಿಂತಿದೆ, ಡಿಗ್ರಿಗೆ ಸುಮಾರು ಶೇಕಡಾ 7ರಂತೆ. ಆದ್ದರಿಂದ ಅದು ತಾನಾಗಿ ಏರಿಕೆಯನ್ನು ಆರಂಭಿಸಲಾರದು. ಬೇರೆ ಅನಿಲ ಬಿಸಿ ಮಾಡಿದ ಮೇಲೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ನೀವು ಕೇಳದಿದ್ದರೂ ಸೂರ್ಯನ ಮಾತನ್ನೂ ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಬಂದೇ ಬರುತ್ತದೆ. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ನೇರವಾಗಿ ಅಳೆಯುತ್ತಿವೆ. ಹನ್ನೊಂದು ವರ್ಷದ ಚಕ್ರದ ಏರಿಳಿತ ಶೇಕಡಾ 0.1ರಷ್ಟು ಕಾಣುತ್ತದೆ, ಸತತ ಏರಿಕೆ ಕಾಣುವುದಿಲ್ಲ. ಅಲ್ಲದೆ ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲ ಮೇಲಿನಿಂದ ಕೆಳಗಿನವರೆಗೂ ಕಾಯಬೇಕಿತ್ತು. ಕೆಳಗಿನ ಪದರ ಕಾಯುತ್ತಿರುವಾಗ ಮೇಲಿನ ಸ್ತರಗೋಳ ತಂಪಾಗುತ್ತಿದೆ. ನನ್ನ ಮಟ್ಟಿಗೆ ಈ ಒಂದು ಸಾಕ್ಷ್ಯ ಉಳಿದೆಲ್ಲ ವಾದಗಳಿಗಿಂತ ತೂಕದ್ದು.

ಕೃಷಿ ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ:

ಉಷ್ಣಮಾಪಕದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬೆಂಗಳೂರಿನ ಸೆಕೆಯಲ್ಲಿ ಕಾಂಕ್ರೀಟು, ಡಾಂಬರು, ಮುಚ್ಚಿಹೋದ ಕೆರೆ, ಕಡಿದ ಸಾಲುಮರ ಇವೆಲ್ಲದರ ಪಾಲು ದೊಡ್ಡದು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಜಗತ್ತಿನ ಸರಾಸರಿಯನ್ನು ನಗರದ ಮಾಪಕಗಳಿಂದಷ್ಟೇ ಲೆಕ್ಕ ಹಾಕುವುದಿಲ್ಲ. ಭೂಮಿಯ ಮೇಲ್ಮೈಯ ಶೇಕಡಾ 70ರಷ್ಟು ಸಮುದ್ರ, ಅಲ್ಲಿ ಕಟ್ಟಡಗಳಿಲ್ಲ. ಹೆಚ್ಚುವರಿ ಶಾಖದ ಶೇಕಡಾ 90ರಷ್ಟು ಹೋಗಿ ಸೇರುತ್ತಿರುವುದೂ ಅಲ್ಲಿಗೇ. ನಿಮ್ಮಂತೆಯೇ ಸಂದೇಹ ಪಟ್ಟಿದ್ದ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಬರ್ಕ್ಲಿಯಲ್ಲಿ ಒಂದು ತಂಡ ಕಟ್ಟಿ ಹಳೆಯ ದಾಖಲೆಗಳನ್ನೆಲ್ಲ ಮೊದಲಿನಿಂದ ಲೆಕ್ಕ ಹಾಕಿಸಿದರು. ಹಳ್ಳಿಗಾಡಿನ ಕೇಂದ್ರಗಳನ್ನಷ್ಟೇ ತೆಗೆದುಕೊಂಡರೂ ಏರಿಕೆ ಅಷ್ಟೇ ಬಂತು. 2012ರಲ್ಲಿ ಅವರು ತಮ್ಮ ಅಭಿಪ್ರಾಯ ಬದಲಾಯಿಸಿದ್ದನ್ನು ಬಹಿರಂಗವಾಗಿಯೇ ಬರೆದರು.

ಭಾರತದ ಮಟ್ಟಿಗೆ ಜನರಿಗೆ ತಿಳಿಯದ ಸಂಗತಿ ಒಂದಿದೆ. ಕೇಂದ್ರ ಭೂ ವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರ ನಡುವೆ ನಮ್ಮ ದೇಶದ ಸರಾಸರಿ ಉಷ್ಣಾಂಶ ಏರಿದ್ದು ಸುಮಾರು 0.7 ಡಿಗ್ರಿ, ಅಂದರೆ ಜಗತ್ತಿನ ನೆಲದ ಸರಾಸರಿಗಿಂತ ಕಡಿಮೆ. ನಾವು ತಪ್ಪಿಸಿಕೊಂಡೆವೆಂದು ಸಂತೋಷಪಡುವ ಹಾಗಿಲ್ಲ. ಹೊಗೆ ಮತ್ತು ದೂಳಿನ ಕಣಗಳು ಬಿಸಿಲನ್ನು ತಡೆಯುತ್ತಿವೆ, ಉತ್ತರದ ಬಯಲಿನ ಭಾರೀ ನೀರಾವರಿ ನೆಲವನ್ನು ತಂಪಾಗಿಟ್ಟಿದೆ. ಅಂದರೆ ಏರಿಕೆಯ ಒಂದು ಭಾಗ ಮುಚ್ಚಿಕೊಂಡಿದೆ. ನಮ್ಮ ಶ್ವಾಸಕೋಶಕ್ಕಾಗಿ ಗಾಳಿಯನ್ನು ಶುಚಿ ಮಾಡಲೇಬೇಕು, ಮಾಡಿದಾಗ ಮುಚ್ಚಿದ್ದ ಶಾಖ ಹೊರಗೆ ಬರುತ್ತದೆ.

ಬೆಳೆಗೆ ಆಹಾರ ಎಂಬ ಸಂದೇಶವಂತೂ ನಮ್ಮ ವಿಭಾಗದ ಕಾರಿಡಾರಿನಲ್ಲಿಯೂ ಓಡಾಡುತ್ತದೆ. ಭತ್ತ, ಶೇಂಗಾ, ತೊಗರಿ, ಹತ್ತಿ ಇವೆಲ್ಲ ಸಿ3 ಬಗೆಯ, ಅಂದರೆ ಈ ಅನಿಲವನ್ನು ಗಾಳಿಯಿಂದ ನೇರವಾಗಿ ಬಳಸಿಕೊಳ್ಳುವ ಸಸ್ಯಗಳು. ನೀರು, ಗೊಬ್ಬರ ಸಾಕಷ್ಟಿದ್ದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಇವುಗಳ ಬೆಳವಣಿಗೆ ಹೆಚ್ಚುವುದು ನಿಜ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಸಿ4 ಬಗೆಯವು. ಅವು ತಮ್ಮ ಎಲೆಯೊಳಗೇ ಈ ಅನಿಲವನ್ನು ಒತ್ತಿ ಸಾಂದ್ರಗೊಳಿಸಿಕೊಳ್ಳುವ ವ್ಯವಸ್ಥೆಯನ್ನು ಹೊಂದಿರುವುದರಿಂದ ಹೊರಗೆ ಹೆಚ್ಚಾದದ್ದರ ನೇರ ಲಾಭ ಅವುಗಳಿಗೆ ಅಷ್ಟಾಗಿ ಇಲ್ಲ. ಒಣಹವೆಯಲ್ಲಿ ನೀರು ಸ್ವಲ್ಪ ಉಳಿಯಬಹುದು, ಅಷ್ಟೇ. ಲಾಭವಿರುವ ಭತ್ತದಲ್ಲಿಯೂ ಕಾಳಿನ ಸತು, ಕಬ್ಬಿಣ, ಪ್ರೋಟೀನ್ ಇಳಿಯುವುದನ್ನು ಬಯಲಿನ ಪ್ರಯೋಗಗಳು ತೋರಿಸಿವೆ. ಮೇಲಾಗಿ ಹೂವಾಡುವ ಸಮಯದಲ್ಲಿ ಬಿಸಿ ಜಾಸ್ತಿಯಾದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಅನಿಲ ಕೊಟ್ಟದ್ದನ್ನು ಅದೇ ಅನಿಲ ತಂದ ಬಿಸಿ ಕಿತ್ತುಕೊಳ್ಳುತ್ತದೆ. ಜೋಳ ರಾಗಿ ಉಣ್ಣುವ ಸೀಮೆಯಲ್ಲಿ ಈ ಸಂದೇಶವನ್ನು ಹಂಚುವುದು ನನಗೆ ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ.

ಕಾಫಿ ಬೆಳೆಗಾರ, ಕೊಡಗು:

ತೋಟಗಳಲ್ಲಿ ಮಳೆಯನ್ನು ಇಂಚು ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಪಾಲು) ಬರೆದಿಡುವುದು ನಮ್ಮಲ್ಲಿ ಹಳೆಯ ರೂಢಿ. ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಪುಸ್ತಕದ ಆ ದಿನದ ಚೌಕದಲ್ಲಿ ಬರೆಯುತ್ತೇವೆ. ಅಜ್ಜನ ಕಾಲದ ಪುಸ್ತಕದಲ್ಲಿ ಜುಲೈ ಪುಟವೆಂದರೆ ಒಂದು, ಒಂದೂವರೆ, ಎರಡು ಇಂಚಿನ ಅಂಕಿಗಳು ಚೌಕ ಬಿಡದೆ ತುಂಬಿರುತ್ತವೆ. ಈಚಿನ ಪುಟಗಳಲ್ಲಿ ಸೊನ್ನೆ, ಹತ್ತು ಸೆಂಟು, ಸೊನ್ನೆ ಎಂದು ಸಾಗಿ, ಇದ್ದಕ್ಕಿದ್ದಂತೆ ಎರಡು ಮೂರು ದಿನಗಳ ಚೌಕದಲ್ಲಿ ಅಂಕಿ ಹಿಡಿಸದಂತಾಗುತ್ತದೆ. ಕೆಳಗಿನ ಮೊತ್ತ ನೋಡಿದರೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಮೊತ್ತ ಅಷ್ಟೇ ಇರುವಾಗ ಏನು ಬದಲಾಯಿತು ಎಂದು ವಾದಿಸುವವರಿಗೆ ನಾನು ಈ ಪುಟಗಳನ್ನೇ ತೋರಿಸುತ್ತೇನೆ. ಮಾರ್ಚ್ ಏಪ್ರಿಲ್‌ನ ಹೂಮಳೆ ಹದವಾಗಿ ಬಂದು, ಮುಂದೆ ಹಿಮ್ಮಳೆ, ಅಂದರೆ ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆ, ತಪ್ಪಿದರೆ ಆ ವರ್ಷದ ಫಸಲಿನ ಕಥೆ ಏನೆಂದು ಇಲ್ಲಿನ ಬೆಳೆಗಾರರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜಾರಿದವು, 2019 ಮತ್ತು 2020ರಲ್ಲಿಯೂ ತಪ್ಪಲಿಲ್ಲ.

ಪ್ರಶ್ನೆ ಕೇಳುವವ, ಬೆಂಗಳೂರು:

ಇಂಗಾಲದ ಗುರುತಿನ ಮತ್ತು ಸ್ತರಗೋಳದ ವಾದ ನನಗೆ ಒಪ್ಪಿಗೆಯಾಯಿತು. ಆದರೆ ಬೆಳೆಗಾರರ ಮಾತಿಗೆ ಎರಡು ತಕರಾರುಗಳಿವೆ. ಒಂದು ತೋಟದ ಪುಸ್ತಕ ಒಂದು ತೋಟದ ಕಥೆಯನ್ನಷ್ಟೇ ಹೇಳುತ್ತದೆ. ಮಡಿಕೇರಿಯ ಗುಡ್ಡ ಜಾರಿದ್ದರಲ್ಲಿ ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆಂದು ಇಳಿಜಾರನ್ನು ನೆಟ್ಟಗೆ ಕಡಿದದ್ದರ ಪಾತ್ರವನ್ನು ಭೂವಿಜ್ಞಾನಿಗಳೇ ಎತ್ತಿ ತೋರಿಸಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರದ ಕಡೆ ಬಡಾವಣೆಗಳು ಮುಳುಗಿದಾಗಲೂ ಅಧಿಕಾರದಲ್ಲಿದ್ದವರಿಗೆ ಹವಾಮಾನ ಬದಲಾವಣೆ ಒಳ್ಳೆಯ ನೆಪವಾಯಿತು. ರಾಜಕಾಲುವೆಯನ್ನು ನುಂಗಿ ಕಟ್ಟಿದವರು ಯಾರೆಂದು ಆಗ ಯಾರೂ ಕೇಳುವುದಿಲ್ಲ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ಒಂದು ತಪ್ಪು ತಿಳಿವಳಿಕೆಯೇ ಅಲ್ಲವೇ?

ಕೃಷಿ ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ:

ಖಂಡಿತ ಹೌದು, ಮತ್ತು ಇದು ನಿರಾಕರಣೆಗಿಂತ ಕಡಿಮೆ ಅಪಾಯದ್ದಲ್ಲ. ಮಳೆ ಎಷ್ಟು ಜೋರಾಗಿ ಬಿತ್ತು ಎಂಬುದಕ್ಕೆ ಹವಾಮಾನ ಕಾರಣವಾಗಬಹುದು. ಬಿದ್ದ ನೀರು ಯಾರ ಮನೆಗೆ ನುಗ್ಗಿತು ಎಂಬುದನ್ನು ತೀರ್ಮಾನಿಸುವುದು ಕಾಲುವೆ, ಕೆರೆ, ಕಟ್ಟಡದ ಪರವಾನಗಿ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಒಂದೇ ತೋಟದ ಪುಸ್ತಕ ಸಾಲದು ಎಂಬುದನ್ನೂ ಒಪ್ಪುತ್ತೇನೆ, ಆದರೆ ಅದು ಒಂಟಿಯಾಗಿ ನಿಂತಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ಒಟ್ಟು ಮುಂಗಾರು ಮಳೆ ಕುಗ್ಗುತ್ತಾ ಬಂದಿದ್ದರೂ ವಿಶಾಲ ಪ್ರದೇಶದಲ್ಲಿ ಒಮ್ಮೆಗೇ ಸುರಿಯುವ ಅತಿ ಭಾರೀ ಮಳೆಯ ಘಟನೆಗಳು ಮೂರು ಪಟ್ಟಾಗಿವೆ ಎಂದು ಕಂಡುಬಂದಿದೆ. ಕಾದ ಅರಬ್ಬಿ ಸಮುದ್ರದಿಂದ ಆಗಾಗ ಉಕ್ಕಿ ಬರುವ ನೀರಾವಿಯೇ ಅದಕ್ಕೆ ಮೂಲ. ಆ ಲೆಕ್ಕ ಮಧ್ಯಭಾರತದ್ದು, ಕೊಡಗಿನದಲ್ಲ. ಆದರೆ ಪುಸ್ತಕದ ಪುಟ ಹೇಳುತ್ತಿರುವುದೂ ಅದೇ ಬಗೆಯ ಬದಲಾವಣೆಯನ್ನು.

ಕರಾವಳಿಯ ಓದುಗಿ, ಉಡುಪಿ:

ಅರಬ್ಬಿ ಸಮುದ್ರದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯವರ ಪಾಡು ಎಂದು ನಾವು ಬಹುಕಾಲ ನಂಬಿದ್ದೆವು. 2017ರ ಓಖಿ, 2019ರ ಕ್ಯಾರ್, 2021ರ ತೌಕ್ತೆ, 2023ರ ಬಿಪರ್‌ಜಾಯ್ ಬಂದ ಮೇಲೆ ಹಾಗೆ ಹೇಳುವವರಿಲ್ಲ. ತೌಕ್ತೆ ನಮ್ಮ ತೀರವನ್ನು ಹಾದು ಗುಜರಾತಿಗೆ ಹೋಯಿತಾದರೂ, ಹೋಗುವಾಗ ಇಲ್ಲಿನ ತೆಂಗು, ದೋಣಿ, ಕಡಲ ದಂಡೆಯ ಮನೆಗಳನ್ನು ಬಿಡಲಿಲ್ಲ.

ನನ್ನ ಪ್ರಶ್ನೆ ಬೇರೆ. ಓಜೋನ್ ಪದರದ ತೂತಿನಿಂದ ಬಿಸಿಲು ಒಳಗೆ ಬಂದು ಭೂಮಿ ಕಾಯುತ್ತಿದೆ ಎಂದು ಮಗನ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಪಾಲು ಮಕ್ಕಳು ಹೇಳಿದರು, ಬಹುಮಾನವನ್ನೂ ಪಡೆದರು. ಇದು ಸರಿಯೇ?

ನಿವೃತ್ತ ಉಪನ್ಯಾಸಕ, ಮೈಸೂರು:

ಸರಿಯಲ್ಲ, ಮೇಡಂ. ಓಜೋನ್ ತಡೆಯುವುದು ಸೂರ್ಯನ ನೇರಳಾತೀತ ಕಿರಣಗಳನ್ನು. ಅದು ತೆಳುವಾದರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚಾಗುತ್ತವೆ. ಭೂಮಿ ಕಾಯುವುದು ನೆಲದಿಂದ ಹೊರಹೋಗಬೇಕಾದ ಅವಕೆಂಪು ಶಾಖ ತಡವಾಗುವುದರಿಂದ. ಫ್ರಿಜ್ಜಿನಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಎರಡೂ ಕೆಲಸ ಮಾಡುತ್ತಿದ್ದುದರಿಂದ ಗೊಂದಲ ಹುಟ್ಟಿತು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅವುಗಳಿಗೆ ಕಡಿವಾಣ ಬಿದ್ದು ಓಜೋನ್ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ, ಉಷ್ಣಾಂಶ ಏರುತ್ತಲೇ ಇದೆ.

ಹಳೇ ಪಂಚಾಂಗ, ಶಿವಮೊಗ್ಗ:

ವಿಜ್ಞಾನದವರು ಕೋಪ ಮಾಡಿಕೊಳ್ಳಬಾರದು. ಮೃಗಶಿರಾ, ಆರಿದ್ರಾ ಮಳೆಗಳು ಈಗ ಹೇಳಿದ ಹೊತ್ತಿಗೆ ಬರುತ್ತಿಲ್ಲ. ಅಯನ ಚಲನೆಯಿಂದ ನಕ್ಷತ್ರಗಳೇ ಸರಿದಿವೆ, ಪಂಚಾಂಗವನ್ನು ತಿದ್ದಿದರೆ ಮಳೆ ತಾನಾಗಿ ಹೊಂದುತ್ತದೆ, ಇದಕ್ಕೆ ಇಂಗಾಲವನ್ನು ದೂರುವುದೇಕೆ ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಾರೆ. ಇದಕ್ಕೇನು ಹೇಳುತ್ತೀರಿ?

ನಿವೃತ್ತ ಉಪನ್ಯಾಸಕ, ಮೈಸೂರು:

ಕೋಪವೇಕೆ, ಈ ಚರ್ಚೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಸರಿಯುತ್ತಿರುವುದು ನಿಜ. ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು, ಆದ್ದರಿಂದ ಹೆಚ್ಚುಕಡಿಮೆ 70 ವರ್ಷಕ್ಕೆ ಒಂದು ದಿನದಷ್ಟು ಮಳೆನಕ್ಷತ್ರ ಹಿಂದೆ ಬೀಳುತ್ತದೆ. ಸಾವಿರ ವರ್ಷಗಳ ಲೆಕ್ಕದಲ್ಲಿ ಅದು ಎರಡು ವಾರವಾಗುತ್ತದೆ. ಆದರೆ ನಿಮ್ಮ ಹಿರಿಯರು ತಮ್ಮ ಬಾಲ್ಯದ ಆರಿದ್ರಾ ಮಳೆಯನ್ನು ಈಗಿನದರೊಂದಿಗೆ ಹೋಲಿಸುತ್ತಿದ್ದಾರೆ. ಅಷ್ಟರಲ್ಲಿ ನಕ್ಷತ್ರ ಸರಿದಿರುವುದು ಒಂದೇ ದಿನ. ಅವರು ಕಂಡಿರುವ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು.

ಅನಿವಾಸಿ, ಹ್ಯೂಸ್ಟನ್:

2021ರ ಫೆಬ್ರುವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿ ಕರೆಂಟು ಹೋದಾಗ ಇಲ್ಲಿಯೂ “ಎಲ್ಲಿದೆ ನಿಮ್ಮ ತಾಪಮಾನ ಏರಿಕೆ” ಎಂದು ಗೇಲಿ ಮಾಡಿದ್ದರು. ಊರಿನ ನೆಂಟರ ಗುಂಪಿನಲ್ಲಿ ಮಾತ್ರ ಬೇರೆಯದೇ ವಾದ ನಡೆಯುತ್ತದೆ: ಇದೆಲ್ಲ ಭಾರತ ಮುಂದುವರಿಯದಂತೆ ತಡೆಯುವ ಶ್ರೀಮಂತ ದೇಶಗಳ ಹುನ್ನಾರ ಎಂದು. ಇದರಲ್ಲಿ ನ್ಯಾಯದ ಭಾಗ ಗಟ್ಟಿಯಾಗಿದೆ. ಇಂದಿಗೂ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವನಿಗೆ 14ರ ಆಸುಪಾಸು. ಇಂಧನ ಸುಟ್ಟು ಇಲ್ಲಿಯವರೆಗೆ ಗಾಳಿಗೆ ಸೇರಿಸಿದ್ದರಲ್ಲಿ ನಾಲ್ಕರಲ್ಲೊಂದು ಪಾಲು ನಾನಿರುವ ದೇಶದ್ದು. ಖರ್ಚು ಯಾರು ಹೊರಬೇಕು ಎಂದು ಜಗಳವಾಡುವ ಹಕ್ಕು ಭಾರತಕ್ಕಿದೆ. ಆದರೆ ಆ ಜಗಳದ ಫಲಿತಾಂಶ ಏನೇ ಆದರೂ ಅನಿಲದ ಭೌತಿಕ ಗುಣ ಬದಲಾಗುವುದಿಲ್ಲ, ಮತ್ತು ಬಿಸಿಯ ಪೆಟ್ಟು ಹೆಚ್ಚು ಬೀಳುವುದು ಟೆಕ್ಸಸ್‌ನ ಎಸಿ ಮನೆಗಿಂತ ರಾಯಚೂರಿನ ಹತ್ತಿ ಹೊಲದಲ್ಲಿ ದುಡಿಯುವವರಿಗೆ.

ಗದಗ ಸೀಮೆಯವ:

ಎಲ್ಲರಿಗೂ ಕೃತಜ್ಞತೆಗಳು. ಒಂದು ಉಳಿದಿದೆ. ಪತ್ರಿಕೆಯಲ್ಲಿ “ವಾಡಿಕೆಯಷ್ಟು ಮಳೆ” ಎಂದು ಬಂದ ವರ್ಷವೂ ನಮ್ಮಲ್ಲಿ ಹೆಸರುಕಾಳಿನ ಬೆಳೆ ಒಣಗಿ, ಕೊಯ್ಲಿನ ಹೊತ್ತಿಗೆ ಈರುಳ್ಳಿ ಕೊಳೆತದ್ದುಂಟು. ವಾಡಿಕೆಯಷ್ಟು ಬಂದಿದ್ದರೆ ಹೀಗೇಕೆ ಎಂದು ಕೇಳಿದವರಿಗೆ ನಾನು ಏನು ಹೇಳಲಿ?

ಕೃಷಿ ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ:

ಅಣ್ಣಾ, ವಾಡಿಕೆ ಎಂಬುದು ದೀರ್ಘಾವಧಿಯ ಸರಾಸರಿ, ಅದನ್ನು ಹವಾಮಾನ ಇಲಾಖೆ ಆಗಾಗ ಹೊಸದಾಗಿ ಲೆಕ್ಕ ಹಾಕುತ್ತದೆ. ದೇಶದ ಮುಂಗಾರಿಗೆ 1961ರಿಂದ 2010ರವರೆಗಿನ ಸರಾಸರಿಯಂತೆ 880.6 ಮಿ.ಮೀ. ಎಂದಿದ್ದ ವಾಡಿಕೆ, 2022ರಿಂದ 1971–2020ರ ಸರಾಸರಿಯಂತೆ 868.6 ಮಿ.ಮೀ. ಆಯಿತು. ಅಂದರೆ ಹೋಲಿಸುವ ಗೆರೆಯೇ 12 ಮಿ.ಮೀ. ಕೆಳಗಿಳಿದಿದೆ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ತಿಂಗಳ ಮೊತ್ತ ನಿಮ್ಮ ಹೆಸರು ಬೆಳೆಗೆ ಏನನ್ನೂ ಹೇಳುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹಾಕಿದೆ. ನಿಮ್ಮ ಪಂಚಾಯಿತಿಯ ದಿನವಾರು ಅಂಕಿಗಳನ್ನು ತರಿಸಿ, ಜೂನ್ ಜುಲೈನಲ್ಲಿ ಸತತವಾಗಿ ಎಷ್ಟು ದಿನ 2.5 ಮಿ.ಮೀ.ಗಿಂತ ಕಡಿಮೆ ಬಿತ್ತು ಎಂದು ಎಣಿಸಿ, ಹೆಸರು ಹೂ ಬಿಡುವ ವಾರಗಳ ಪಕ್ಕದಲ್ಲಿ ಬರೆದು ಕಟ್ಟೆಯ ಮೇಲೆ ಇಡಿ. ನಿಮಗೆ ಬೇಕಾದರೆ ಆ ಅಂಕಿಗಳನ್ನು ಇಲ್ಲಿ ಹಾಕಿ, ಲೆಕ್ಕವನ್ನು ನಾನು ಮಾಡಿಕೊಡುತ್ತೇನೆ.